ಒಳಗಿನ ಕರೆಂಟು: ಅರ್ಧಕ್ಕೆ ಬಿಡಬಾರದ ಚಿಕಿತ್ಸೆ



ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಡೆಯ ಭಕ್ತ ಕುಟುಂಬವೊಂದು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿದೆ. ಮನೆಯ ಹಿರಿಯ ತಾಯಿಗೆ ಗರ್ಭಕೊರಳಿನ ಕ್ಯಾನ್ಸರ್. ಬೆಂಗಳೂರಿನಲ್ಲಿ ಐದು ವಾರಗಳ ಕಾಲ ಹೊರಗಿನಿಂದ ವಿಕಿರಣ ಚಿಕಿತ್ಸೆಯಾಗಿದೆ. ರಕ್ತ ಹೋಗುವುದು ನಿಂತಿದೆ, ನೋವು ತಗ್ಗಿದೆ, ಊಟ ಸೇರುತ್ತಿದೆ. ಇನ್ನು ನಾಲ್ಕು ಸಲ ಒಳಗಿನಿಂದ ವಿಕಿರಣ ಕೊಡಬೇಕೆಂದು ವೈದ್ಯರು ದಿನ ಗೊತ್ತುಮಾಡಿದ್ದಾರೆ. ಆದರೆ ಆ ತಾಯಿ, "ಗುಣವಾಯಿತಲ್ಲ, ಇನ್ನೇಕೆ? ಶೇಂಗಾ ಕೀಳುವ ಕಾಲ ಬೇರೆ ಬಂತು" ಎನ್ನುತ್ತಾರಂತೆ. ಅವರು ಬಾಯಿಬಿಟ್ಟು ಹೇಳದ ಕಾರಣಗಳು ಇನ್ನೆರಡಿವೆ ಎಂದು ಸೊಸೆ ಬರೆದಿದ್ದಾರೆ. ಒಂದು ನಾಚಿಕೆ, ಮತ್ತೊಂದು, ಒಳಗೆ ಇಟ್ಟ ವಿಕಿರಣ ಮೈಯಲ್ಲೇ ಉಳಿದು ಮೊಮ್ಮಕ್ಕಳಿಗೆ ತಗುಲೀತೆಂಬ ಭಯ. "ನಾವು ಏನು ಮಾಡಬೇಕು?" ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ವೈದ್ಯರು ಗೊತ್ತುಮಾಡಿದ ದಿನಕ್ಕೆ ತಪ್ಪದೆ ಕರೆದುಕೊಂಡು ಹೋಗಬೇಕು. ಹೊರಗಿನ ವಿಕಿರಣ ಮುಗಿದೊಡನೆ ಮನೆಗೆ ಬಂದು ಕುಳಿತರೆ ಅದು ಅರ್ಧ ಚಿಕಿತ್ಸೆ. ಈ ರೋಗದಲ್ಲಿ ಅರ್ಧ ಚಿಕಿತ್ಸೆಯೆಂದರೆ ಕಳೆಯ ತಲೆ ಕೊಯ್ದು ಬೇರನ್ನು ನೆಲದಲ್ಲೇ ಬಿಟ್ಟಂತೆ. ಈ ಲೇಖಕನು ವೈದ್ಯನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿದವನು. ಆದುದರಿಂದ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

ಏನಿದು ಒಳವಿಕಿರಣ?

ನಮ್ಮ ಹಳ್ಳಿಗಳಲ್ಲಿ ವಿಕಿರಣ ಚಿಕಿತ್ಸೆಗೆ "ಕರೆಂಟು ಕೊಡುವುದು" ಎನ್ನುತ್ತಾರೆ. ಮಾತು ರೂಢಿಗೆ ಬಂದಿದೆಯಾದರೂ ಅಲ್ಲಿ ವಿದ್ಯುತ್ತು ಮೈಗೆ ಹರಿಯುವುದಿಲ್ಲ. ಕಣ್ಣಿಗೆ ಕಾಣದ, ಆದರೆ ದೇಹವನ್ನು ತೂರಿ ಹೋಗಬಲ್ಲ ಕಿರಣಗಳು ರೋಗದ ಜೀವಕೋಶಗಳ ಒಳತಿರುಳನ್ನು ಕಡಿದು, ಅವು ಮತ್ತೆ ಒಡೆದು ಬೆಳೆಯದಂತೆ ಮಾಡುತ್ತವೆ. ದೊಡ್ಡ ಯಂತ್ರದ ಕೆಳಗೆ ಮಲಗಿಸಿ ದೂರದಿಂದ ಈ ಕಿರಣವನ್ನು ಬಿಡುವುದು ಹೊರವಿಕಿರಣ. ಕಿರಣ ಸೂಸುವ ಸಣ್ಣ ವಸ್ತುವನ್ನೇ ಗಡ್ಡೆಯ ಒಳಗೆ ಅಥವಾ ಅದಕ್ಕೆ ತಾಗಿದಂತೆ ಸ್ವಲ್ಪ ಹೊತ್ತು ಇಡುವುದು ಒಳವಿಕಿರಣ. ವೈದ್ಯರು ಇದನ್ನು ಬ್ರ್ಯಾಕಿಥೆರಪಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಬ್ರ್ಯಾಕಿಸ್' ಎಂದರೆ ಗಿಡ್ಡ, ಹ್ರಸ್ವ. ಹತ್ತಿರದಿಂದ ಕೊಡುವ ಚಿಕಿತ್ಸೆ ಎಂದು ತಾತ್ಪರ್ಯ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೂ ಅಲ್ಲ. 1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ರೇಡಿಯಂ ಎಂಬ ಧಾತುವನ್ನು ಕಂಡುಹಿಡಿದರು. 1901ರಲ್ಲಿ ವಿಜ್ಞಾನಿ ಬೆಕೆರಲ್ ಅದರ ಪುಟ್ಟ ನಳಿಕೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದಾಗ, ಜೇಬಿನ ಕೆಳಗಿನ ಚರ್ಮ ಸುಟ್ಟು ಹುಣ್ಣಾಯಿತು. ಒಳ್ಳೆಯ ಚರ್ಮವನ್ನು ಸುಡಬಲ್ಲ ವಸ್ತು ಕೆಟ್ಟ ಗಡ್ಡೆಯನ್ನು ಸುಡಲಾರದೇ ಎಂಬ ವಿಚಾರ ಪ್ಯಾರಿಸಿನ ವೈದ್ಯರಿಗೆ ಹೊಳೆಯಿತು. ಕೆಲವೇ ವರ್ಷಗಳಲ್ಲಿ ಚರ್ಮದ ಗಡ್ಡೆಗಳಿಗೆ, ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯಂ ಚಿಕಿತ್ಸೆ ಆರಂಭವಾಯಿತು. ಹೀಗೆ ಒಂದು ಶತಮಾನಕ್ಕೂ ಮಿಕ್ಕಿ ಪರೀಕ್ಷೆಗೆ ಒಳಗಾಗಿ ನಿಂತ ಪದ್ಧತಿಯಿದು.

ಹೊರಗಿನದು ಸಾಲದೇ?

ಪ್ರಶ್ನೆಯ ಮರ್ಮ ಇಲ್ಲಿದೆ. ವಿಕಿರಣದ ಪ್ರಮಾಣವನ್ನು 'ಗ್ರೇ' ಎಂಬ ಮಾನದಿಂದ ಅಳೆಯುತ್ತಾರೆ. ಐದು ವಾರಗಳಲ್ಲಿ ಸುಮಾರು 25 ಸಲ ಹೊರಗಿನಿಂದ ಕೊಡುವುದು ಸಾಮಾನ್ಯವಾಗಿ 45ರಿಂದ 50 ಗ್ರೇ. ಗರ್ಭಕೊರಳಿನ ಗಡ್ಡೆ ಬುಡಸಹಿತ ನಾಶವಾಗಬೇಕಾದರೆ ಒಟ್ಟು 80 ಗ್ರೇಗೂ ಮಿಗಿಲಾದ ಪ್ರಮಾಣ ಬೇಕಾಗುತ್ತದೆ. ಉಳಿದುದನ್ನೂ ಹೊರಗಿನಿಂದಲೇ ಕೊಡೋಣವೆಂದರೆ ಆ ಗಡ್ಡೆ ಇರುವ ಸ್ಥಳ ಇಕ್ಕಟ್ಟಿನದು. ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲೆ ಕರುಳು. ಅಷ್ಟು ಕಿರಣವನ್ನು ಅವು ತಾಳಲಾರವು.

ಹತ್ತಿರದಿಂದ ಕೊಟ್ಟರೆ ಈ ಕಷ್ಟ ಪರಿಹಾರವಾಗುತ್ತದೆ. ಒಲೆಯ ಕೆಂಡದ ಬಳಿ ಕೈಯೊಡ್ಡಿದರೆ ಸುಡುತ್ತದೆ. ಎರಡು ಗೇಣು ಹಿಂದೆ ಸರಿದರೆ ಬಿಸಿ ಹಿತವೆನಿಸುತ್ತದೆ. ಕಿರಣದ ಲೆಕ್ಕವೂ ಹೀಗೆಯೇ. ಮೂಲದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಇರುವ ಬಲ, ಎರಡು ಸೆಂಟಿಮೀಟರ್ ದೂರದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿಗೆ, ಮೂರು ಸೆಂಟಿಮೀಟರಿಗೆ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಗಡ್ಡೆಗೆ ಪೂರ್ಣ ಪೆಟ್ಟು ಬೀಳುತ್ತದೆ. ನೆರೆಯ ಅಂಗಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಹೊಲಕ್ಕೆಲ್ಲ ಔಷಧ ಸಿಂಪಡಿಸುವುದು ಹೊರವಿಕಿರಣವಾದರೆ, ಉಳಿದ ಕಳೆಯ ಬುಡಕ್ಕೇ ಕೈಹಾಕುವುದು ಒಳವಿಕಿರಣ. ಒಂದು ಇನ್ನೊಂದರ ಬದಲಿಯಲ್ಲ. ಎರಡೂ ಸೇರಿ ಒಂದೇ ಚಿಕಿತ್ಸೆ.

ಇದನ್ನು ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಶ್ರೀಮಂತ ದೇಶವಾದ ಅಮೆರಿಕದಲ್ಲೇ ನಿದರ್ಶನವಿದೆ. ಅಲ್ಲಿ 1988ರಲ್ಲಿ ಇಂಥ ರೋಗಿಗಳಲ್ಲಿ ನೂರಕ್ಕೆ 83 ಮಂದಿಗೆ ಒಳವಿಕಿರಣ ದೊರೆಯುತ್ತಿತ್ತು. ಹೊಸ ಹೊಸ ಹೊರಯಂತ್ರಗಳ ಮೋಹ ಹೆಚ್ಚಿ 2009ರ ಹೊತ್ತಿಗೆ ಅದು 58ಕ್ಕೆ ಇಳಿದಿತ್ತು. ಲೆಕ್ಕ ಹಾಕಿ ನೋಡಿದಾಗ, ಒಳವಿಕಿರಣ ಪಡೆದವರಿಗಿಂತ ಪಡೆಯದವರಲ್ಲಿ ಬದುಕಿ ಉಳಿದವರು ಕಡಿಮೆ ಎಂಬುದು ಸ್ಪಷ್ಟವಾಯಿತು. ಎಷ್ಟು ಬೆಲೆಯ ಯಂತ್ರವೂ ಈ ರೋಗದಲ್ಲಿ ಆ ಪುಟ್ಟ ನಳಿಕೆಯ ಸ್ಥಾನವನ್ನು ತುಂಬಲಾರದು.

ಕಾಲದ ಮಾತೂ ಇದೆ. ಹೊರವಿಕಿರಣ ಆರಂಭವಾದ ದಿನದಿಂದ ಎಣಿಸಿ ಎಂಟು ವಾರಗಳೊಳಗೆ, ಅಂದರೆ 56 ದಿನಗಳೊಳಗೆ, ಎಲ್ಲವೂ ಮುಗಿಯಬೇಕೆಂದು ವೈದ್ಯರ ನಿಯಮ. ಅಳಿದುಳಿದ ರೋಗಕೋಶಗಳು ಬಿಡುವು ಸಿಕ್ಕರೆ ಮೊದಲಿಗಿಂತ ಬೇಗ ಬೆಳೆಯತೊಡಗುತ್ತವೆ. ರಕ್ತ ನಿಂತಿತು, ನೋವು ಹೋಯಿತು ಎಂಬುದು ಗಡ್ಡೆ ಕುಗ್ಗಿತೆಂಬುದಕ್ಕೆ ಸಾಕ್ಷಿಯೇ ಹೊರತು ಅಳಿಯಿತೆಂಬುದಕ್ಕಲ್ಲ. ಗಡ್ಡೆ ಕುಗ್ಗಿದ ಆ ಹೊತ್ತೇ ಒಳವಿಕಿರಣಕ್ಕೆ ಅತ್ಯಂತ ಅನುಕೂಲವಾದ ಹೊತ್ತು. ಶೇಂಗಾ ಬೆಳೆಗೆ ಕೂಲಿಯಾಳುಗಳಾದರೂ ದೊರೆತಾರು. ಈ ಬೆಳೆ ತಪ್ಪಿದರೆ ಮುಂದಿನ ಮುಂಗಾರಿಗೆ ಮತ್ತೊಂದು ಬಂದೀತು. ಕಳೆದ ಆ ಎಂಟು ವಾರ ಮಾತ್ರ ಮತ್ತೆ ಬಾರದು.

ಆ ದಿನ ಏನು ನಡೆಯುತ್ತದೆ?

ತಿಳಿಯದಿರುವುದೇ ಅರ್ಧ ಭಯ. ಆದುದರಿಂದ ಕ್ರಮವನ್ನು ಹೇಳುತ್ತೇನೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿರಬಹುದು.

ಹೊಟ್ಟೆ ಖಾಲಿಯಿಟ್ಟುಕೊಂಡು ಬರಲು ಹೇಳುತ್ತಾರೆ. ಬೆನ್ನಿಗೆ ಸೂಜಿಮದ್ದು ಕೊಟ್ಟೋ, ಪೂರ್ತಿ ಅರಿವಳಿಕೆ ಕೊಟ್ಟೋ, ನೋವು ತಿಳಿಯದಂತೆ ಮಾಡುತ್ತಾರೆ. ಮೂತ್ರಕ್ಕೆ ನಳಿಕೆ ಹಾಕುತ್ತಾರೆ. ಅನಂತರ ಸಣ್ಣದೊಂದು ಟೊಳ್ಳು ನಳಿಕೆಯನ್ನು ಗರ್ಭಕೋಶದೊಳಕ್ಕೂ, ಅದರ ಜೊತೆಯ ಭಾಗಗಳನ್ನು ಗರ್ಭಕೊರಳಿನ ಎರಡು ಬದಿಗೂ ಕೂಡಿಸಿ, ಮೂತ್ರಕೋಶ ಮತ್ತು ಗುದನಾಳ ಆಚೆ ಸರಿಯುವಂತೆ ಹತ್ತಿಬಟ್ಟೆಯನ್ನು ಒತ್ತಿ ಇಡುತ್ತಾರೆ. ಈ ಹಂತದಲ್ಲಿ ವಿಕಿರಣವಿನ್ನೂ ಇಲ್ಲ, ನಳಿಕೆಗಳೆಲ್ಲ ಖಾಲಿ. ಸ್ಕ್ಯಾನ್ ಅಥವಾ ಎಕ್ಸ್‌ರೇ ತೆಗೆದು, ಎಲ್ಲಿ ಎಷ್ಟು ಹೊತ್ತು ಕಿರಣ ಬೀಳಬೇಕೆಂಬುದನ್ನು ಭೌತವಿಜ್ಞಾನ ಬಲ್ಲ ತಜ್ಞರು ಗಣಕಯಂತ್ರದಲ್ಲಿ ಲೆಕ್ಕ ಹಾಕುತ್ತಾರೆ. ಈ ಲೆಕ್ಕಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ರೋಗಿ ಅಲುಗಾಡದೆ ಮಲಗಿರಬೇಕು.

ಆಮೇಲೆ ನಳಿಕೆಗಳನ್ನು ಯಂತ್ರಕ್ಕೆ ಜೋಡಿಸಿ ಎಲ್ಲರೂ ಕೋಣೆಯಿಂದ ಹೊರಗೆ ಬರುತ್ತಾರೆ. ತೆಳ್ಳನೆಯ ತಂತಿಯ ತುದಿಗೆ ಬೆಸೆದ ಇರಿಡಿಯಂ ಅಥವಾ ಕೋಬಾಲ್ಟ್ ಎಂಬ ಧಾತುವಿನ ಚೂರು ಯಂತ್ರದಿಂದ ಹೊರಟು ನಳಿಕೆಯೊಳಗೆ ಹೆಜ್ಜೆ ಹೆಜ್ಜೆಗೆ ಕೆಲವು ಕ್ಷಣ ನಿಲ್ಲುತ್ತ ಸಾಗುತ್ತದೆ. ಆ ಚೂರು ಅಕ್ಕಿಕಾಳಿಗಿಂತ ಸಣ್ಣದು. ಒಳಗೆ ರೋಗಿ ಒಬ್ಬರೇ ಇದ್ದರೂ ಕ್ಯಾಮೆರಾದ ಮೂಲಕ ನೋಡುತ್ತಿರುತ್ತಾರೆ, ಮಾತನಾಡಿಸುತ್ತಿರುತ್ತಾರೆ. ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಗಳ ಕೆಲಸ. ಕಿರಣ ಹಾಯುವಾಗ ಉರಿಯಿಲ್ಲ, ಶಬ್ದವಿಲ್ಲ. ಮುಗಿದೊಡನೆ ಆ ಚೂರು ತನ್ನ ಭದ್ರವಾದ ಪೆಟ್ಟಿಗೆಗೆ ಮರಳುತ್ತದೆ, ನಳಿಕೆಗಳನ್ನು ತೆಗೆಯುತ್ತಾರೆ. ಇಂಥ ಸರದಿ ಮೂರರಿಂದ ಐದು. ಹಿಂದಿನ ಕಾಲದಲ್ಲಿ ಒಂದೆರಡು ದಿನ ಒಂಟಿ ಕೋಣೆಯಲ್ಲಿ ಮಲಗಿರಬೇಕಾಗಿತ್ತು. ಆ ಕಥೆ ಕೇಳಿ ಹೆದರಿದವರು ಇಂದಿನ ಕ್ರಮ ಬೇರೆಯೆಂದು ತಿಳಿಯಬೇಕು.

ನಮ್ಮ ಮನೆಗಳಲ್ಲಿ ಏಳುವ ಮತ್ತೊಂದು ಸಂದೇಹ ಇಷ್ಟಲಿಂಗದ್ದು. ಅರಿವಳಿಕೆ ಮತ್ತು ಸ್ಕ್ಯಾನಿನ ಸಮಯದಲ್ಲಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಲು ಹೇಳುತ್ತಾರೆ. ಬೆಳ್ಳಿಯ ಕರಡಿಗೆಯೂ ಅದರಲ್ಲಿ ಸೇರುತ್ತದೆ. ದಾದಿಯರಿಗೆ ಮುಂಚಿತವಾಗಿ ತಿಳಿಸಿ, ಜೊತೆಗಿರುವ ಮಗಳ ಅಥವಾ ಸೊಸೆಯ ಕೈಗೆ ಒಪ್ಪಿಸಿ, ಹೊರಬಂದೊಡನೆ ಧರಿಸಿಕೊಳ್ಳಬಹುದು. ದೇಹವನ್ನು ಉಳಿಸಿಕೊಳ್ಳಲು ಮಾಡುವ ಈ ಕಾರ್ಯದಲ್ಲಿ ನಿಷ್ಠೆಗೆ ಭಂಗವೇನೂ ಇಲ್ಲ.

ಮೈಯಲ್ಲಿ ಉಳಿಯುವುದೇ?

ಉಳಿಯುವುದಿಲ್ಲ. ದೀಪ ಹೊರಗೆ ಹೋದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ, ಆ ಚೂರು ಪೆಟ್ಟಿಗೆಗೆ ಮರಳಿದ ಕ್ಷಣದಿಂದ ರೋಗಿಯ ದೇಹದಲ್ಲಿ ವಿಕಿರಣವಿಲ್ಲ. ಅಂದೇ ಮೊಮ್ಮಗುವನ್ನು ಎತ್ತಿ ಮುದ್ದಾಡಬಹುದು. ಒಂದೇ ಪಂಕ್ತಿಯಲ್ಲಿ ಊಟ ಮಾಡಬಹುದು. ಬೇರೆ ತಟ್ಟೆ, ಬೇರೆ ಹಾಸಿಗೆ ಎಂದು ತಾಯಿಯನ್ನು ದೂರವಿಡುವುದು ಅಜ್ಞಾನ. ಕ್ಯಾನ್ಸರ್ ರೋಗವೂ ಮುಟ್ಟಿದರೆ ಅಂಟುವಂಥದಲ್ಲ.

ಬೇರೆ ಕೆಲವು ಬಗೆಗಳಲ್ಲಿ ಮಾತ್ರ ಎಚ್ಚರ ಬೇಕು. ಪುರುಷರ ಪ್ರೋಸ್ಟೇಟ್ ಗ್ರಂಥಿಯಲ್ಲಿ ಅಯೋಡಿನ್‌ನ ಸಣ್ಣ ಕಾಳುಗಳನ್ನು ಶಾಶ್ವತವಾಗಿ ಇಟ್ಟಾಗ, ಥೈರಾಯಿಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕುಡಿಸಿದಾಗ, ಕೆಲವು ಕಾಲ ಗರ್ಭಿಣಿಯರಿಂದಲೂ ಚಿಕ್ಕ ಮಕ್ಕಳಿಂದಲೂ ದೂರವಿರಲು ವೈದ್ಯರು ಹೇಳುತ್ತಾರೆ. ಒಬ್ಬರಿಗೆ ಹೇಳಿದ ಪಥ್ಯವನ್ನು ಇನ್ನೊಬ್ಬರಿಗೆ ಹಚ್ಚಬಾರದು.

ಅಣು, ವಿಕಿರಣ ಎಂಬ ಮಾತುಗಳು ಚಳ್ಳಕೆರೆ ಸೀಮೆಗೆ ಅಪರಿಚಿತವಲ್ಲ. ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಭೂಮಿ ಕೊಟ್ಟಾಗಿನಿಂದ ಆ ಬಗ್ಗೆ ಚರ್ಚೆ, ಆತಂಕ, ಹುಲ್ಲುಗಾವಲಿನ ಹೋರಾಟ ಎಲ್ಲವನ್ನೂ ಜನ ಕಂಡಿದ್ದಾರೆ. ಅದು ಬೇರೆಯೇ ವಿಷಯ. ಅದರ ನ್ಯಾಯಾನ್ಯಾಯ ಇಲ್ಲಿ ಪ್ರಸ್ತುತವಲ್ಲ. ಆದರೆ ಆ ಭಯವನ್ನು ಆಸ್ಪತ್ರೆಯ ಬಾಗಿಲಿಗೆ ತರಬಾರದು. ಅದೇ ಸಂಸ್ಥೆಯ ಮುಂಬಯಿ ಕೇಂದ್ರದ ವಿಜ್ಞಾನಿಗಳು ಕಣ್ಣಿನ ಕ್ಯಾನ್ಸರಿಗಾಗಿ ರುಥೇನಿಯಂ ಲೇಪಿಸಿದ ಪುಟ್ಟ ಬಿಲ್ಲೆಗಳನ್ನು ಸಿದ್ಧಪಡಿಸಿದ್ದಾರೆ. ಕಣ್ಣಿನ ಗುಡ್ಡೆಗೆ ಅದನ್ನು ಕೆಲವು ಗಂಟೆ ಅಥವಾ ದಿನ ಹೊಲಿದಿಟ್ಟು, ಕಣ್ಣು ಕೀಳದೆಯೇ ಗಡ್ಡೆಯನ್ನು ಕರಗಿಸಲು ಯತ್ನಿಸುತ್ತಾರೆ. ಬೆಂಕಿ ಮನೆಯನ್ನೂ ಸುಡುತ್ತದೆ, ಅನ್ನವನ್ನೂ ಬೇಯಿಸುತ್ತದೆ. ಕಾಯುವ ಕೈ ಮುಖ್ಯ. ವಿಕಿರಣ ಬಳಸುವ ಆಸ್ಪತ್ರೆಗಳ ಮೇಲೆ 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಣಿರುತ್ತದೆ.

ನಾಚಿಕೆಯೆಂಬ ಎರಡನೆಯ ರೋಗ

ಗರ್ಭಕ್ಕೆ ಸಂಬಂಧಿಸಿದ ರೋಗವನ್ನು ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾರೆ. ಮಗನಿಗೆ ಹೇಳಲು ಸಂಕೋಚ, ಯಜಮಾನರಿಗೆ ಹೇಳಲು ಅಂಜಿಕೆ, ಪರ ಗಂಡಸಾದ ವೈದ್ಯರ ಮುಂದೆ ಮಲಗುವುದೆಂದರೆ ಜೀವ ಹೋದಂತೆ. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಶರಣಧರ್ಮದಲ್ಲಿ ಹುಟ್ಟಿದ ನಾವು ಒಂದು ಮಾತನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲೇ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದರು. ಹೆಣ್ಣಿನ ದೇಹಧರ್ಮ ಮೈಲಿಗೆಯಲ್ಲ ಎಂದ ಮೇಲೆ, ಆ ದೇಹದ ವ್ಯಾಧಿ ಮೈಲಿಗೆಯಾಗುವುದು ಹೇಗೆ? ಮುಚ್ಚಿಡುವುದು ಮರ್ಯಾದೆಯಲ್ಲ. ವೈದ್ಯ ಸಂಗಣ್ಣನೆಂಬ ಶರಣನಿಗೆ ವೈದ್ಯವೇ ಕಾಯಕವಾಗಿತ್ತು. ಆ ಕಾಯಕವನ್ನು ಹಿಡಿದವರ ಮುಂದೆ ದೇಹವು ದೇಹ ಮಾತ್ರ. ಮಹಿಳಾ ವೈದ್ಯರು ಬೇಕೆಂದು, ಅಥವಾ ಪರೀಕ್ಷೆಯ ವೇಳೆ ದಾದಿ ಜೊತೆಗಿರಬೇಕೆಂದು ಕೇಳುವ ಹಕ್ಕು ಎಲ್ಲ ಹೆಣ್ಣುಮಕ್ಕಳಿಗೂ ಇದೆ.

ಈ ರೋಗದ ಮೂಲ ಬಹುಪಾಲು ಎಚ್‌ಪಿವಿ ಎಂಬ ಒಂದು ವೈರಾಣು. ಸಂಸಾರ ಮಾಡಿದ ಬಹುತೇಕ ಎಲ್ಲ ಸ್ತ್ರೀಪುರುಷರಿಗೂ ಒಂದಲ್ಲ ಒಂದು ಕಾಲದಲ್ಲಿ ತಗುಲಿ, ಹೆಚ್ಚಿನವರಲ್ಲಿ ತಾನಾಗಿ ಹೋಗುವಂಥದು. ಕೆಲವರಲ್ಲಿ ಮಾತ್ರ ಉಳಿದು, ಹತ್ತಾರು ವರ್ಷಗಳ ಬಳಿಕ ಕ್ಯಾನ್ಸರಾಗುತ್ತದೆ. ಆದುದರಿಂದ ಯಾರ ನಡತೆಯ ಮೇಲೂ ಬೆರಳು ತೋರಿಸುವುದು ಪಾಪ.

ಗುಣದ ಜೊತೆಗೆ ಬರುವ ತೊಂದರೆಗಳು

ಸತ್ಯವನ್ನು ಪೂರ್ತಿ ಹೇಳಬೇಕು. ಕೆಲವು ದಿನ ಮೂತ್ರದಲ್ಲಿ ಉರಿ, ಭೇದಿ, ಆಯಾಸ ಇರಬಹುದು. ಇವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಮನವಾಗುತ್ತವೆ. ಕೆಲವರಿಗೆ ತಿಂಗಳುಗಳು ಅಥವಾ ವರ್ಷಗಳ ನಂತರ ಮಲದಲ್ಲಿ ಇಲ್ಲವೆ ಮೂತ್ರದಲ್ಲಿ ರಕ್ತ ಕಾಣಬಹುದು. ಮುಟ್ಟು ನಿಲ್ಲದ ಕಿರಿಯ ವಯಸ್ಸಿನವರಿಗೆ ಈ ಚಿಕಿತ್ಸೆಯ ನಂತರ ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಇದನ್ನು ಮೊದಲೇ ತಿಳಿದಿರಬೇಕು. ಜನನಮಾರ್ಗ ಕಿರಿದಾಗದಂತೆ ನೋಡಿಕೊಳ್ಳಲು ಸಾಧನವೊಂದನ್ನು ಬಳಸುವ ಕ್ರಮವನ್ನು ದಾದಿಯರು ಕಲಿಸುತ್ತಾರೆ. ನಾಚಿ ಬಿಡಬಾರದು, ಮುಂದಿನ ತಪಾಸಣೆಗೂ ಅದು ಅಗತ್ಯ. ದಂಪತಿಗಳು ಎಂದಿನಿಂದ ಕೂಡಿ ಬಾಳಬಹುದೆಂಬುದನ್ನು ವೈದ್ಯರನ್ನೇ ಕೇಳಬೇಕು.

ಎಲ್ಲ ಕ್ಯಾನ್ಸರಿಗೂ ಒಳವಿಕಿರಣ ಮದ್ದಲ್ಲ. ಗರ್ಭಕೊರಳು, ಗರ್ಭಕೋಶ, ತುಟಿ, ನಾಲಗೆ, ಸ್ತನ, ಪ್ರೋಸ್ಟೇಟ್, ಕಣ್ಣು ಇಂಥ ಕಡೆ, ಗಡ್ಡೆಯ ಗಾತ್ರ ಮತ್ತು ಹಂತವನ್ನು ನೋಡಿ ಆರಿಸುತ್ತಾರೆ. ತೀರ ಆರಂಭದ ಗರ್ಭಕೊರಳಿನ ರೋಗಕ್ಕೆ ಶಸ್ತ್ರಚಿಕಿತ್ಸೆಯೇ ಸಾಕಾಗಬಹುದು. ದೂರದ ಅಂಗಗಳಿಗೆ ಹರಡಿದ್ದರೆ ದಾರಿ ಬೇರೆ. "ನಮಗೆ ಒಳವಿಕಿರಣ ಬೇಕೇ? ಎಷ್ಟು ಸಲ? ಯಾವ ದಿನದೊಳಗೆ ಮುಗಿಯಬೇಕು?" ಈ ಮೂರನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ.

ಮನೆಯವರ ಕರ್ತವ್ಯ

ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರು. ಅಲ್ಲಿನ ಕಿದ್ವಾಯಿ ಸಂಸ್ಥೆ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಸ್ಥಾಪಿತವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆದದ್ದು. ಬಡವರ ಪಾಲಿಗೆ ದೊಡ್ಡ ಆಸರೆ. ರೋಗಿಗಳ ಕಡೆಯವರು ತಂಗಲು ಅಲ್ಲಿ ಧರ್ಮಶಾಲೆಯ ವ್ಯವಸ್ಥೆಯಿದೆ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿಯೂ ಒಳವಿಕಿರಣ ದೊರೆಯುತ್ತದೆ. ಖರ್ಚಿಗೆ ಹೆದರಿ ಹೊಲ ಮಾರುವ ಮುನ್ನ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅದರಲ್ಲಿ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಹಣಕ್ಕಿಂತ ದೊಡ್ಡದು ಜೊತೆ. ಪ್ರತಿ ಸರದಿಗೂ ಮನೆಯ ಒಬ್ಬ ಹೆಣ್ಣುಮಗಳು ಜೊತೆಗೆ ಹೋಗಲಿ. ಹೋಗುವವರು ಯಾರು, ಮನೆಯ ದನಕರು ನೋಡುವವರು ಯಾರು, ಹೊಲಕ್ಕೆ ನಿಲ್ಲುವವರು ಯಾರು ಎಂಬುದನ್ನು ಗಂಡುಮಕ್ಕಳು ಮೊದಲೇ ಹಂಚಿಕೊಂಡರೆ, "ನನ್ನಿಂದ ಮನೆ ಕೆಟ್ಟಿತು" ಎಂಬ ಕೊರಗು ಆ ತಾಯಿಗೆ ಇರುವುದಿಲ್ಲ. ನೆರೆಮನೆಯವರು ಎರಡು ದಿನ ಹೊಲ ನೋಡಿಕೊಂಡರೆ ಅದೂ ದಾಸೋಹವೇ. ಚಿಕಿತ್ಸೆಯ ಕಾಲದಲ್ಲಿ ಉಪವಾಸ ಬೇಡ. ನೀರು ಚೆನ್ನಾಗಿ ಕುಡಿಯಲಿ. ಎಲೆಯಡಿಕೆ ಹೊಗೆಸೊಪ್ಪು ಬಿಡಲಿ. ಮುಗಿದ ಮೇಲೂ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಅನಂತರ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು.

ಉಳಿದ ಮನೆಗಳಿಗೆ ಒಂದು ಮಾತು

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1,27,000 ಸ್ತ್ರೀಯರಿಗೆ ಈ ಕ್ಯಾನ್ಸರ್ ಬಂದಿತೆಂದೂ, ಸುಮಾರು 80,000 ಮಂದಿ ತೀರಿಕೊಂಡರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕದ ಅಂದಾಜು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಅಥವಾ ದಾಂಪತ್ಯದ ನಂತರ ರಕ್ತ ಹೋದರೆ, ದುರ್ವಾಸನೆಯ ಬಿಳಿಸೆರಗು ಇದ್ದರೆ ಒಂದು ವಾರವೂ ಕಾಯಬಾರದು. ತೊಂದರೆಯೇನೂ ಇಲ್ಲದಿದ್ದರೂ ಮೂವತ್ತು ದಾಟಿದ ಹೆಣ್ಣುಮಕ್ಕಳು ಐದು ವರ್ಷಕ್ಕೊಮ್ಮೆ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು. ವಿನೆಗರ್‌ನಂಥ ಒಂದು ಹುಳಿದ್ರವ ಹಚ್ಚಿ ನೋಡುವ ಸರಳ ಪರೀಕ್ಷೆ ಅದು. ಕೆಲವೇ ನಿಮಿಷ ಸಾಕು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಮಾಡುತ್ತಾರೆಂದು ತಿಳಿಸುತ್ತಾರೆ. ಬೆಳೆಯುವ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯೂ ಇದೆ. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಲಸಿಕೆ ದೊರೆಯುತ್ತಿದೆ.

ಚಿಕಿತ್ಸೆಯ ನಡುವೆ ಮನೆಗೆ ಮರಳಿದ ತಾಯಂದಿರು ಯಾವ ಊರಿನಲ್ಲೇ ಇರಲಿ, ಆಸ್ಪತ್ರೆಯ ಚೀಟಿಯನ್ನು ಈ ದಿನವೇ ತೆಗೆದು ಮೊದಲ ವಿಕಿರಣದ ತಾರೀಖು ಯಾವುದೆಂದು ನೋಡಿ. ಎಂಟು ವಾರ ತುಂಬಲು ಎಷ್ಟು ದಿನ ಉಳಿದಿದೆಯೆಂದು ಎಣಿಸಿ. ಮೀರಿದ್ದರೂ ಕೈಬಿಡಬೇಡಿ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ, ಮುಂದಿನ ದಾರಿಯನ್ನು ಅವರು ಹೇಳುತ್ತಾರೆ. ದೇಹವೇ ದೇಗುಲವೆಂದು ನಂಬಿದವರು ಜೀರ್ಣೋದ್ಧಾರವನ್ನು ಕಳಶ ಏರುವ ಮುನ್ನ ನಿಲ್ಲಿಸಬಾರದು.